ಹುಳುಕು ಹಲ್ಲು ಹಲ್ಲಿಗಷ್ಟೇ ಸಂಬಂಧಿಸಿದ್ದಲ್ಲ



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವವರಿಗೆ ಕಾಂಡ ಕೊಳೆ ರೋಗ ಹೊಸದಲ್ಲ. ಇದರ ಶಿಲೀಂಧ್ರವು ಮಣ್ಣಿನಲ್ಲಿಯೇ ಇರುತ್ತದೆ. ಕಾಳು ಕಟ್ಟುವ ಹೊತ್ತಿಗೆ ತೇವಾಂಶ ಕಡಿಮೆಯಾಗಿ ಬೆಳೆ ಬಳಲಿದಾಗ ಬೇರಿನ ಮೂಲಕ ಕಾಂಡಕ್ಕೆ ಏರುತ್ತದೆ. ದಂಟು ಒಳಗೆ ಕಪ್ಪಾಗಿ ಬೆಳೆ ನೆಲಕ್ಕೊರಗುತ್ತದೆ. ರೋಗ ಹೊಕ್ಕದ್ದು ಒಂದು ಕಡೆ, ಹಾನಿ ಕಂಡದ್ದು ಇನ್ನೊಂದು ಕಡೆ. ಬಾಯಿಯ ರೋಗಾಣುಗಳ ರೀತಿಯೂ ಹೀಗೆಯೇ.

ಆರೋಗ್ಯವಂತರ ಬಾಯಿಯಲ್ಲಿಯೂ ನೂರಾರು ಬಗೆಯ ಸೂಕ್ಷ್ಮಾಣುಗಳಿರುತ್ತವೆ. ವಸಡು ಬಾತು ರಕ್ತ ಒಸರುತ್ತಿದ್ದರೆ ಅವು ರಕ್ತಕ್ಕೆ ಇಳಿಯಲು ದಾರಿಯಾಗುತ್ತದೆ. ಹಲ್ಲು ಕಿತ್ತ ಕೂಡಲೇ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಇಂತಹ ಅಣುಗಳು ಸಿಗುತ್ತವೆಂದು ಇಂಗ್ಲೆಂಡಿನ ಓಕೆಲ್ ಮತ್ತು ಎಲಿಯಟ್ ಎಂಬವರು 1935ರಲ್ಲಿಯೇ ತೋರಿಸಿದರು. ಗಟ್ಟಿ ದೇಹವು ಇವುಗಳನ್ನು ಸ್ವಲ್ಪ ಹೊತ್ತಿನಲ್ಲಿಯೇ ನಾಶಮಾಡುತ್ತದೆ.

ಎಲ್ಲರ ದೇಹಸ್ಥಿತಿಯೂ ಒಂದೇ ಅಲ್ಲ. ಬಾಲ್ಯದಲ್ಲಿ ಗಂಟಲು ಬೇನೆಯ ನಂತರ ಕೀಲುಗಳು ಬಾತು ಜ್ವರ ಬಂದ ಕೆಲವರಲ್ಲಿ ಹೃದಯದ ಕವಾಟ ಕೆಟ್ಟಿರುತ್ತದೆ. ರಕ್ತದಲ್ಲಿ ಬಂದ ಅಣುಗಳು ಆ ಕವಾಟದ ಮೇಲೆ ನೆಲೆಯೂರಿ ಬೆಳೆಯಬಲ್ಲವು. ವಾರಗಟ್ಟಲೆ ಸಣ್ಣ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು, ದಮ್ಮು ಹತ್ತುವುದು ಇದರ ಲಕ್ಷಣಗಳು. ಪೆನಿಸಿಲಿನ್ ಬರುವ ಮೊದಲು ಈ ರೋಗದಿಂದ ಬದುಕಿದವರು ತೀರ ವಿರಳ. ಈಗ ಚಿಕಿತ್ಸೆಯುಂಟು, ಆದರೆ ಸಾಮಾನ್ಯವಾಗಿ 4ರಿಂದ 6 ವಾರ ಇಂಜೆಕ್ಷನ್ ಬೇಕಾಗುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಕೆಳದವಡೆಯ ಹಲ್ಲಿನ ಕೀವು ನಾಲಗೆಯ ಕೆಳಗೆ ಮತ್ತು ಕುತ್ತಿಗೆಗೆ ಹರಡಿದರೆ ಉಸಿರಾಟದ ದಾರಿಯೇ ಮುಚ್ಚಬಹುದು. ಹಾಸಿಗೆ ಹಿಡಿದ ವೃದ್ಧರಲ್ಲಿ ಬಾಯಿಯ ಅಣುಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಬರುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ರೋಗ ಬೇಗ ಬಲಿಯುತ್ತದೆ. ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟವಾಗಬಹುದು.

ಸುಗ್ಗಿ ಮುಗಿಯಲಿ ಎಂದು ಹಲ್ಲುನೋವನ್ನು ಮುಂದೂಡುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಲವಂಗ ಇಡುತ್ತಾರೆ, ಮಿಶ್ರಿ ತಿಕ್ಕುತ್ತಾರೆ. ಕೆಲವು ದಿನಗಳಲ್ಲಿ ನೋವು ತಾನಾಗಿ ನಿಂತರೆ ಗುಣವಾಯಿತೆಂದು ತಿಳಿಯುತ್ತಾರೆ. ಅನೇಕ ವೇಳೆ ಆಗ ಸತ್ತಿರುವುದು ಹಲ್ಲಿನೊಳಗಿನ ನರ. ರೋಗಾಣು ಬೇರಿನ ತುದಿಯಲ್ಲಿ ಹಾಗೆಯೇ ಉಳಿದಿರುತ್ತದೆ.

ಆದ್ದರಿಂದ ಗಮನಿಸಬೇಕಾದ ಅಂಶಗಳು:

1. ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುನ್ನ, ಹಲ್ಲು ಉಜ್ಜಬೇಕು.

2. ಮಿಶ್ರಿ, ಗುಟಕಾ, ತಂಬಾಕು-ಸುಣ್ಣ ಬಿಡಬೇಕು. ಮಿಶ್ರಿ ಹಲ್ಲುಪುಡಿಯಲ್ಲ, ಸುಟ್ಟ ತಂಬಾಕು.

3. ಹೃದಯದ ಕವಾಟದ ತೊಂದರೆ ಇರುವವರು, ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಮೊದಲೇ ಅದನ್ನು ದಂತವೈದ್ಯರಿಗೆ ತಿಳಿಸಬೇಕು. ಕೆಲವರಿಗೆ ಮುಂಚಿತವಾಗಿ ಔಷಧಿ ಕೊಡಬೇಕಾಗುತ್ತದೆ.

4. ಇಂಥವರಿಗೆ ಬಿಡದ ಜ್ವರ ಬಂದರೆ ಕಂಡ ಗುಳಿಗೆ ನುಂಗಬಾರದು. ಎರಡು ದಿನದ ಗುಳಿಗೆಯಿಂದ ಜ್ವರ ಅಡಗಿ ಮತ್ತೆ ಬರುತ್ತದೆ. ರಕ್ತಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು.

5. ದವಡೆ ಬಾತು ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ದಂಟು ಮುರಿದು ಬಿದ್ದ ಮೇಲೆ ಔಷಧಿ ಸಿಂಪಡಿಸಿ ಫಲವಿಲ್ಲವೆಂಬುದನ್ನು ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಹಲ್ಲಿನ ವಿಷಯದಲ್ಲಿಯೂ ಅದೇ ಎಚ್ಚರವಿರಲಿ.