ಟೊಂಕದಿಂದ ಶುರುವಾಗುವ ಯೋಗ



ಹತ್ತರಗಿಯ ಈ ಗೋಷ್ಠಿಗಳಿಗೆ ನಿಸರ್ಗದ ಬದುಕು ಮತ್ತು ಯೋಗ ಎಂಬ ದೊಡ್ಡ ವಿಷಯ ಕೊಟ್ಟಿದ್ದೀರಿ. ನಾನು ಟೊಂಕದಿಂದ ಆರಂಭಿಸುತ್ತೇನೆ.

ಸುಗ್ಗಿಯಲ್ಲಿ ಈ ಹೆದ್ದಾರಿಯ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಂಕೇಶ್ವರದ ಕಡೆ ಸಾಲುಗಟ್ಟಿ ಹೋಗುವುದನ್ನು ದಿನವೂ ನೋಡುತ್ತೀರಿ. ಅವುಗಳಲ್ಲಿನ ಒಂದೊಂದು ಕಬ್ಬನ್ನೂ ಯಾರೋ ಬುಡಕ್ಕೆ ಬಾಗಿ ಕಡಿದಿದ್ದಾರೆ, ಸೂಡು ಕಟ್ಟಿ ತಲೆಯ ಮೇಲೆ ಹೊತ್ತಿದ್ದಾರೆ. ನಸುಕಿನಿಂದ ಸಂಜೆಯವರೆಗೆ ಬಾಗಿದ ಆ ಬೆನ್ನಿಗೆ ಪಶ್ಚಿಮೋತ್ತಾನಾಸನ ಕಲಿಸಿ ಇನ್ನಷ್ಟು ಬಾಗಿಸುವುದು ಯಾವ ನ್ಯಾಯ? ಅದಕ್ಕೆ ಬೇಕಾದದ್ದು ಎದೆ ತೆರೆಯುವ ಭುಜಂಗಾಸನ, ನೆಲಕ್ಕೆ ಮೈಚೆಲ್ಲುವ ಶವಾಸನ. ದಿನವಿಡೀ ಗಲ್ಲಾದ ಮೇಲೆ ಕೂತವರ ಲೆಕ್ಕ ಬೇರೆ. ಅವರು ಮೊದಲು ಎದ್ದು ನಡೆಯಲಿ.

ಪತಂಜಲಿಯ ಸುಮಾರು ಇನ್ನೂರು ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರೇ. ನಾವು ಮಾತ್ರ ಫೋಟೋಕ್ಕೆ ಒಪ್ಪುವ ಆಸನಗಳನ್ನೇ ಯೋಗ ಎಂದುಕೊಂಡೆವು. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯವಿಡೀ ಕಾಯಿಲೆಯಲ್ಲಿ ನರಳಿದವರು. ಮುಂದೆ ಅವರು ಹಗ್ಗ, ಇಟ್ಟಿಗೆ, ಕುರ್ಚಿ, ಗೋಡೆಗಳ ಆಸರೆಯಲ್ಲಿ ಬಾಗದ ದೇಹಕ್ಕೂ ಆಸನ ಕಲಿಸಿದರು. ಇವುಗಳಲ್ಲಿ ರೈತನ ಮನೆಯಲ್ಲಿ ಇಲ್ಲದ್ದು ಯಾವುದು ಹೇಳಿ!

ಆಹಾರದ ಮಾತೂ ಅಷ್ಟೇ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ನಮ್ಮಲ್ಲಿ ಹೊಸದಾಗಿ ಕಲಿಸುವ ಪಾಠವಲ್ಲ. ಕೆಡಿಸಿದ್ದು ದಿನಕ್ಕೆ ಆರು ಸಲ ಕುಡಿಯುವ ಚಹಾದ ಸಕ್ಕರೆ. (ಕಬ್ಬಿನ ಸೀಮೆಯಲ್ಲಿ ನಿಂತು ಸಕ್ಕರೆ ಕಡಿಮೆ ಮಾಡಿ ಎನ್ನಲು ಸ್ವಲ್ಪ ಧೈರ್ಯ ಬೇಕು.)

ದೇಹದ ಆರೈಕೆಯನ್ನು ಸಾರ್ವಜನಿಕ ಕೆಲಸವೆಂದು ಬಗೆದವರು ನಮ್ಮ ನೆರೆಯಲ್ಲೇ ಇದ್ದರು. 1923ರಲ್ಲಿ ಸೇವಾದಳ ಕಟ್ಟಿ ಯುವಕರಿಗೆ ಕವಾಯತು, ಶಿಸ್ತು ಕಲಿಸಿದ ಡಾ. ನಾ.ಸು. ಹರ್ಡೀಕರ ಮುಂದೆ ಘಟಪ್ರಭೆಯಲ್ಲಿ ನೆಲೆಸಿದರು. ಡಾ. ಕೊಕಟನೂರರ ಶ್ರಮದಿಂದ 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಎದ್ದದ್ದೂ ಅದೇ ಊರಿನಲ್ಲಿ. ಇಬ್ಬರೂ ಓದಿದ ವೈದ್ಯರು. ಯೋಗವನ್ನು ಔಷಧದ ವೈರಿಯಂತೆ ನಿಲ್ಲಿಸುವವರಿಗೆ ನಾನು ಅತ್ತ ಬೆರಳು ತೋರಿಸುತ್ತೇನೆ. ಯೋಗ ಶಿಬಿರಕ್ಕೆ ಬಂದವರ ಬಿಪಿ, ಶುಗರಿನ ಗುಳಿಗೆಯನ್ನು ವೈದ್ಯರನ್ನು ಕೇಳದೆ ಬಿಡಿಸಬೇಡಿ. ಬಿಪಿ ಏರಿದವರನ್ನು ಶೀರ್ಷಾಸನಕ್ಕೆ ಹಚ್ಚಬೇಡಿ.

ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಬೇಡಿಕೆ ಒಂದೇ. ಕಬ್ಬು ಕಡಿಯುವ ಹೆಣ್ಣುಮಗಳು ಮಧ್ಯಾಹ್ನ ಬುತ್ತಿ ಬಿಚ್ಚುವ ಮುನ್ನ ಹತ್ತು ನಿಮಿಷದಲ್ಲಿ ಏನು ಮಾಡಬಹುದು ಎಂಬುದನ್ನು ಸಂಜೆಯೊಳಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ಸೀರೆ ಉಟ್ಟೇ ಮಾಡುವಂತಿರಲಿ. ಅಲ್ಲಿ ಯೋಗದ ಮ್ಯಾಟ್ ಇರುವುದಿಲ್ಲ, ಕಬ್ಬಿನ ರವದಿ ಇರುತ್ತದೆ.