ಮೇಸರ್: ಚುಕ್ಕೆಯಲ್ಲದ ಚುಕ್ಕೆ



ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ಕಾಣುತ್ತದೆ. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರಗಳೂ ಬಹು ದೂರದ ಹಿನ್ನೆಲೆಯ ಎದುರು ಹೀಗೆಯೇ ಓಲಾಡುತ್ತವೆ. ಆ ಓಲಾಟದ ಕೋನ ಗೊತ್ತಾದರೆ ದೂರ ತಿಳಿಯುತ್ತದೆ. ಇದೇ ಪ್ಯಾರಲ್ಯಾಕ್ಸ್ ವಿಧಾನ.

ಆಕಾಶಗಂಗೆಯ ಸುರುಳಿ ತೋಳುಗಳಲ್ಲಿ ಧೂಳು ದಟ್ಟವಾಗಿದ್ದು, ಬೆಳಕು ನಮ್ಮವರೆಗೆ ತೂರಿ ಬರುವುದು ಕಷ್ಟ. ರೇಡಿಯೋ ಅಲೆಗಳಿಗೆ ಆ ತೊಡಕಿಲ್ಲ. ನಕ್ಷತ್ರಗಳು ಹುಟ್ಟುವ ಅನಿಲ ಮೋಡಗಳಲ್ಲಿ ನೀರಿನ ಅಥವಾ ಮೆಥನಾಲ್‌ನ ಅಣುಗಳು ಇಂಥ ಅಲೆಯೊಂದನ್ನು ಲೇಸರಿನ ರೀತಿಯಲ್ಲೇ ವರ್ಧಿಸಿ ಹೊರಡಿಸುತ್ತವೆ. ಅವೇ ಮೇಸರ್‌ಗಳು. ದೂರ ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಗುರುತು ಯಾವುದಿದ್ದೀತು?

ಆದರೆ ಒಂದು ಪೇಚಿದೆ. ಭೂಮಿ ಮತ್ತು ಸೂರ್ಯನ ನಡುವಿನ ಅಂತರ ಸುಮಾರು 15 ಕೋಟಿ ಕಿಲೋಮೀಟರ್. ಅಷ್ಟುದ್ದದ ಕೋಲನ್ನು ಆ ಮೋಡದ ಬಳಿ ಅಡ್ಡಲಾಗಿ ಹಿಡಿದರೆ ನಮಗೆ ಎಷ್ಟು ಉದ್ದ ಕಂಡೀತೋ, ಪ್ಯಾರಲ್ಯಾಕ್ಸ್ ಕೋನವೂ ಅಷ್ಟೇ. ನೀರಿನ ಮೇಸರಿನ ಒಂದು ಚುಕ್ಕೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಅಳೆಯಬೇಕಾದ ಓಲಾಟ, ಗುರುತಾಗಿ ಹಿಡಿದ ಚುಕ್ಕೆ, ಎರಡೂ ಒಂದೇ ಗಾತ್ರದವು. ಮೇಸರ್ ಎಷ್ಟೇ ದೂರದಲ್ಲಿರಲಿ, ಈ ಲೆಕ್ಕ ಬದಲಾಗದು.

ಚುಕ್ಕೆ ತನ್ನ ಆಕಾರ ಬಿಡದಿದ್ದರೆ ಚಿಂತೆಯಿಲ್ಲ, ಅದರ ನಡುವನ್ನು ಹಿಡಿದು ಅಳೆಯಬಹುದು. ಆದರೆ ಅದರ ಒಂದು ಬದಿ ಹೊಳಪೇರಿ ಇನ್ನೊಂದು ಬದಿ ಮಂಕಾದರೆ, ಅಥವಾ ಎರಡು ಚುಕ್ಕೆಗಳು ಬೆರೆತು ಒಂದಾಗಿ ಕಂಡರೆ, ನಡುವೇ ಸರಿದುಬಿಡುತ್ತದೆ. ಆ ಸರಿತ ಓಲಾಟದೊಳಗೆ ಸೇರಿಕೊಂಡು ದೂರವನ್ನು ಕೆಡಿಸುತ್ತದೆ. ಈ ಭಾಷಣಕ್ಕಾಗಿ ಸ್ಟುಡಿಯೋದಲ್ಲಿ ಎಣ್ಣೆದೀಪವಿಟ್ಟು, ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ಸರಿಸಿ ಚಿತ್ರೀಕರಿಸಿದೆವು. ಫ್ಯಾನ್ ನಿಲ್ಲಿಸಲು ಮರೆತಿದ್ದೆವು. ಕುಡಿ ಅಲುಗಿ ಅಳತೆಯೆಲ್ಲ ತಪ್ಪಿತು. ನನಗಂತೂ ವಿಷಯ ಸರಿಯಾಗಿ ಮನದಟ್ಟಾದದ್ದು ಆಗಲೇ!

ನೀರಿನ ಮೇಸರಿನ ಚುಕ್ಕೆಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದುಂಟು. ಮೆಥನಾಲ್ ಚುಕ್ಕೆಗಳು ಹೆಚ್ಚು ಕಾಲ ನಿಲ್ಲುತ್ತವೆ. ಆದ್ದರಿಂದ ಖಗೋಳ ವಿಜ್ಞಾನಿಗಳು ಒಂದೇ ಚುಕ್ಕೆಯನ್ನು ನಂಬದೆ, ಆಕಾರ ಕೆಡದ ಹಲವನ್ನು ಆರಿಸಿಕೊಂಡು ತಾಳೆ ನೋಡುತ್ತಾರೆ.

ಪರ್ಸಿಯಸ್ ತೋಳಿನ ಡಬ್ಲ್ಯು3ಓಎಚ್ ಎಂಬ ಮೋಡವನ್ನೇ ನೋಡಿ. ನಕ್ಷತ್ರಗಳ ಕಾಂತಿಯಿಂದ ಅದರ ದೂರ ಸುಮಾರು 7,000 ಜ್ಯೋತಿರ್ವರ್ಷ ಎಂದು ಬಂದರೆ, ಅನಿಲದ ವೇಗದಿಂದ ಸುಮಾರು 14,000 ಎಂದು ಬರುತ್ತಿತ್ತು. ಒಂದಕ್ಕೆರಡು! ಅಮೆರಿಕದ ವಿಎಲ್‌ಬಿಎ ಎಂಬ ಹತ್ತು ರೇಡಿಯೋ ದೂರದರ್ಶಕಗಳ ಜಾಲ ಅಲ್ಲಿನ ಮೆಥನಾಲ್ ಮೇಸರ್‌ಗಳನ್ನು ಅಳೆಯಿತು. 2006ರಲ್ಲಿ ಪ್ರಕಟವಾದ ಉತ್ತರ ಸುಮಾರು 6,360 ಜ್ಯೋತಿರ್ವರ್ಷ, ಹೆಚ್ಚುಕಡಿಮೆ 130. ಅವರು ಹಿಡಿದ ಕೋನ ಎಷ್ಟು ಸಣ್ಣದು ಗೊತ್ತೇ? ಚಂದ್ರನ ಮೇಲಿಟ್ಟ ಒಂದು ಮೀಟರ್ ಕೋಲು ನಮಗೆ ಕಾಣುವಷ್ಟು. ಅದೇ ವರ್ಷ ಪ್ರಕಟವಾದ ನೀರಿನ ಮೇಸರಿನ ಅಳತೆ ಸುಮಾರು 6,650, ಹೆಚ್ಚುಕಡಿಮೆ 230. ಎರಡೂ ಹೊಂದಿಕೊಂಡವು, 14,000 ಬಿದ್ದುಹೋಯಿತು. ದೂರ ಅರ್ಧವಾದರೆ ಅಲ್ಲಿನ ನಕ್ಷತ್ರಗಳ ನಿಜವಾದ ಕಾಂತಿ ಕಾಲು ಭಾಗಕ್ಕಿಳಿಯುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ದೀಪದ ಪ್ರಯೋಗವನ್ನು ಮನೆಯಲ್ಲಿ ಮಾಡುವಿರಾದರೆ, ಫ್ಯಾನ್ ನಿಲ್ಲಿಸಿ ಒಮ್ಮೆ, ಹಾಕಿ ಒಮ್ಮೆ ಅಳೆಯಿರಿ. ದೊಡ್ಡವರೊಬ್ಬರು ಹತ್ತಿರವಿರಲಿ.