ಒಂದೇ ಯುಎಸ್‌ಬಿ ಪೋರ್ಟ್, ಎರಡು ಪಾತ್ರ: ಮೊದಲು ಖಾಲಿ ಮಾಡಿ, ಆಮೇಲೆ ಒಳಗೆ ಬನ್ನಿ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ಓದಿಕೊಳ್ತೀವಿ ಅನ್ನೋರಿಗಾಗಿ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ. ಇವತ್ತಿನ ವಿಷಯ ಡ್ಯುಯಲ್ ರೋಲ್ ಯುಎಸ್‌ಬಿ ಕಂಟ್ರೋಲರ್. ಇದಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ ಡ್ರೈವರ್ ಬರೆಯುವಾಗ ಎಲ್ಲಿ ಎಡವುತ್ತೀವಿ ಅನ್ನೋದು.

ನಾನೇ ಎಡವಿದ ಕಥೆಯಿಂದ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ ಚೆನ್ನೈನಲ್ಲಿ, ಕೈಯಲ್ಲಿ ಹಿಡಿಯುವ ಬಿಲ್ಲಿಂಗ್ ಮಷೀನ್ ಮಾಡುವ ಟೀಮಿನಲ್ಲಿದ್ದೆ. ಮಷೀನಿಗೆ ಇದ್ದದ್ದು ಒಂದೇ ಮೈಕ್ರೋ ಯುಎಸ್‌ಬಿ ಪೋರ್ಟ್. ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಅದು ಡಿವೈಸ್. ಒಟಿಜಿ ಕೇಬಲ್ ಹಾಕಿ ಪೆನ್ ಡ್ರೈವ್ ಸಿಕ್ಕಿಸಿದ್ರೆ ಅದೇ ಹೋಸ್ಟ್. ನಮ್ಮ ಟೇಬಲ್ ಮೇಲೆ ಎಲ್ಲ ಸರಿಯಾಗಿತ್ತು. ಅಂಗಡಿಗಳಲ್ಲಿ ಮಾತ್ರ ವಾರಕ್ಕೆ ಒಂದೆರಡು ಮಷೀನ್ ಹ್ಯಾಂಗ್. ಬ್ಯಾಟರಿ ಕಿತ್ತು ಹಾಕಿದ್ರೆ ಮತ್ತೆ ನಡೀತಿತ್ತು. ಆದರೆ ಮೆಮೊರಿಯಲ್ಲಿದ್ದ ಕೊನೆಯ ಬಿಲ್ಲುಗಳು ಹೋಗಿರ್ತಿದ್ವು. ರಾತ್ರಿ ಲೆಕ್ಕ ತಾಳೆಯಾಗದೆ ಬೈಸಿಕೊಳ್ಳೋದು ಕೌಂಟರ್‌ನಲ್ಲಿ ಕೂತ ಹುಡುಗ. "ಕೇಬಲ್ ಸರಿ ಇಲ್ಲ" ಅಂತ ನಾವು ಎರಡು ವಾರ ಕೇಬಲ್ ಬದಲಾಯಿಸ್ತಾ ಕೂತ್ವಿ. ತಪ್ಪು ಕೇಬಲಿನದಲ್ಲ, ಡ್ರೈವರಿನದು. ಆ ಭಾಗ ಬರೆದವನು ನಾನೇ.

ಏನಾಗಿತ್ತು ಅಂತ ಹೇಳೋ ಮೊದಲು ಸ್ವಲ್ಪ ಹಿನ್ನೆಲೆ.

ಯುಎಸ್‌ಬಿಯಲ್ಲಿ ಮಾತು ಶುರು ಮಾಡುವವನು ಯಾವಾಗಲೂ ಹೋಸ್ಟ್. ಡಿವೈಸ್ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ನಮ್ಮ ಮಷೀನಿನಂಥ ಪೋರ್ಟ್‌ನಲ್ಲಿ 5 ವೋಲ್ಟ್ ಕೊಡುವವನೂ ಹೋಸ್ಟೇ. ಆ 5 ವೋಲ್ಟ್ ಹೋಗುವ ತಂತಿಗೆ ವಿಬಸ್ ಅಂತಾರೆ. ಯಾರು ಹೋಸ್ಟ್ ಅಂತ ತೀರ್ಮಾನಿಸೋಕೆ 2001ರಲ್ಲಿ ಬಂದ ಒಟಿಜಿ ಒಂದು ಸರಳ ಉಪಾಯ ಕೊಟ್ಟಿತು. ಕನೆಕ್ಟರ್‌ನಲ್ಲಿ ಐಡಿ ಅನ್ನೋ ಇನ್ನೊಂದು ಪಿನ್. ಕೇಬಲ್ ಒಳಗೆ ಅದು ಗ್ರೌಂಡ್‌ಗೆ ಸೇರಿದ್ದರೆ ನೀವು ಹೋಸ್ಟ್, ಸುಮ್ಮನೆ ಬಿಟ್ಟಿದ್ದರೆ ಡಿವೈಸ್.

ಟೈಪ್ ಸಿ ಬಂದ ಮೇಲೆ ಐಡಿ ಪಿನ್ ಇಲ್ಲ. ಸಿಸಿ ಅನ್ನೋ ಪಿನ್‌ಗಳ ಮೇಲಿನ ರೆಸಿಸ್ಟರ್ ನೋಡಿ ಎರಡೂ ಕಡೆಯವರು ತೀರ್ಮಾನಿಸ್ತಾರೆ. ಮೇಲೆ ಪವರ್ ಡೆಲಿವರಿ ಇದ್ದರೆ ಡೇಟಾ ಪಾತ್ರವನ್ನೂ ಪವರ್ ಪಾತ್ರವನ್ನೂ ಬೇರೆ ಬೇರೆಯಾಗಿ ಬದಲಾಯಿಸಬಹುದು. ನಿಮ್ಮ ಆಫೀಸ್ ಲ್ಯಾಪ್‌ಟಾಪನ್ನು ಟೈಪ್ ಸಿ ಮಾನಿಟರ್‌ಗೆ ಸಿಕ್ಕಿಸಿದಾಗ ಏನಾಗುತ್ತೆ ನೋಡಿ. ಕರೆಂಟ್ ಕೊಡೋದು ಮಾನಿಟರ್, ಆದರೆ ಹೋಸ್ಟ್ ಲ್ಯಾಪ್‌ಟಾಪೇ. ಹಾಗಾಗಿ "ಹೋಸ್ಟ್ ಆದ ಕೂಡಲೇ ವಿಬಸ್ ಆನ್ ಮಾಡು" ಅಂತ ಕಂಟ್ರೋಲರ್ ಡ್ರೈವರ್ ಒಳಗೇ ಬರೆದುಬಿಟ್ಟರೆ, ಆ ಡ್ರೈವರ್ ಟೈಪ್ ಸಿ ಬೋರ್ಡಿಗೆ ಬಂದಾಗ ಎರಡೂ ಕಡೆಯಿಂದ ಕರೆಂಟ್ ತಳ್ಳುವ ಅಪಾಯ ಇದೆ.

ಇಲ್ಲಿಂದ ಮೊದಲ ಪಾಠ: ತೀರ್ಮಾನಿಸುವವರು ಬೇರೆ, ಜಾರಿ ಮಾಡುವವರು ಬೇರೆ ಇರಬೇಕು. ಲಿನಕ್ಸ್‌ನಲ್ಲಿ ಇದಕ್ಕಾಗಿಯೇ ಯುಎಸ್‌ಬಿ ರೋಲ್ ಸ್ವಿಚ್ ಅನ್ನೋ ಕ್ಲಾಸ್ ಇದೆ. 2018ರಲ್ಲಿ 4.17 ಆವೃತ್ತಿಯಲ್ಲಿ ಬಂತು. ಟೈಪ್ ಸಿ ಡ್ರೈವರೋ, ಐಡಿ ಪಿನ್ ನೋಡುವ ಜಿಪಿಐಒ ಕನೆಕ್ಟರ್ ಡ್ರೈವರೋ ಅದಕ್ಕೆ "ಇನ್ನು ಈ ಪಾತ್ರ" ಅಂತ ಹೇಳುತ್ತೆ. ಕಂಟ್ರೋಲರ್ ಡ್ರೈವರ್ ಕೇಳಿ ಮಾಡುತ್ತೆ. ಪಾತ್ರಗಳು ಎರಡಲ್ಲ, ಮೂರು: ಹೋಸ್ಟ್, ಡಿವೈಸ್, ಮತ್ತು ನನ್. ಅಂದ್ರೆ ಯಾವುದೂ ಅಲ್ಲ.

ಈ ಮೂರನೆಯದನ್ನು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಲ್ಲೇ ಮುಗ್ಗರಿಸಿದ್ದು.

ನಾವೆಲ್ಲ ಬಾಡಿಗೆ ಮನೆ ಬದಲಾಯಿಸಿದವರು. ಹಳೇ ಬಾಡಿಗೆಯವರ ಸಾಮಾನು ಇನ್ನೂ ಹಾಲ್‌ನಲ್ಲಿದೆ, ಅಷ್ಟರಲ್ಲಿ ನಿಮ್ಮ ಪ್ಯಾಕರ್ಸ್ ಲಾರಿ ಬಂದು ನಿಂತಿದೆ ಅಂದುಕೊಳ್ಳಿ. ನನ್ನ ಡ್ರೈವರ್‌ನಲ್ಲಿ ಆಗಿದ್ದು ಅದೇ. ಐಡಿ ಪಿನ್ ಬದಲಾದ್ರೆ ಒಂದು ವರ್ಕ್ ಓಡ್ತಿತ್ತು, "ಹೋಸ್ಟ್ ಬಿಡು" ಅಂತ. ವಿಬಸ್ ಕಂಡ್ರೆ ಇನ್ನೊಂದು ವರ್ಕ್, "ಕಂಪ್ಯೂಟರ್ ಬಂದಿದೆ, ಡಿವೈಸ್ ಆಗು" ಅಂತ. ಎರಡಕ್ಕೂ ಒಂದೇ ಲಾಕ್ ಇರಲಿಲ್ಲ. ಟೇಬಲ್ ಮೇಲೆ ನಾವು ಕಾಪಿ ಪೂರ್ತಿ ಆದ ಮೇಲೆ ಪೆನ್ ಡ್ರೈವ್ ತೆಗೀತಿದ್ವಿ. ಹೋಸ್ಟ್ ಬೇಗ ಮುಚ್ಚಿಕೊಳ್ತಿತ್ತು. ಅಂಗಡಿಯಲ್ಲಿ ಜನ ನಿಂತಿರ್ತಾರೆ, ಕಾಪಿ ಆಗ್ತಿರುವಾಗಲೇ ಕೇಬಲ್ ಎಳೀತಾರೆ. ಹೋಸ್ಟ್ ಕಡೆ ಬಾಕಿ ಉಳಿದ ರಿಕ್ವೆಸ್ಟ್‌ಗಳನ್ನೆಲ್ಲ ರದ್ದು ಮಾಡಿ ಹೊರಬರೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ನಾವೇ ಕೊಡ್ತಿದ್ದ 5 ವೋಲ್ಟ್ ಇನ್ನೂ ವಿಬಸ್ ಮೇಲೆ ಇರುತ್ತೆ. ಎರಡನೇ ವರ್ಕ್ ಅದನ್ನು ನೋಡಿ ಕಂಪ್ಯೂಟರ್ ಬಂತು ಅಂದುಕೊಂಡು ಕಂಟ್ರೋಲರನ್ನು ರಿಸೆಟ್ ಮಾಡಿಬಿಡ್ತಿತ್ತು. ಹೋಸ್ಟ್ ಕಡೆಯವನು ಇನ್ನು ಬಾರದ ಉತ್ತರಕ್ಕೆ ಕಾಯ್ತಾ ಕೂತ. ಮಷೀನ್ ಹ್ಯಾಂಗ್.

ಸರಿಯಾಗಿ ಹೇಗೆ ಮಾಡಬೇಕು ಅನ್ನೋಕೆ ಡಿಡಬ್ಲ್ಯುಸಿ3 ಡ್ರೈವರ್ ಒಳ್ಳೆ ಉದಾಹರಣೆ. ಇದು ಸಿನಾಪ್ಸಿಸ್‌ನ ಕಂಟ್ರೋಲರ್‌ನ ಡ್ರೈವರ್, ತುಂಬಾ ಮೊಬೈಲ್ ಚಿಪ್‌ಗಳಲ್ಲಿ ಆ ಕಂಟ್ರೋಲರ್ ಇದೆ. ಅಲ್ಲಿ ಯಾರೇ ಪಾತ್ರ ಬದಲಾಯಿಸು ಅಂದರೂ, ಬೇಕಾದ ಪಾತ್ರ ಯಾವುದು ಅಂತ ಬರೆದಿಟ್ಟು ಒಂದೇ ಒಂದು ವರ್ಕನ್ನು ಸಾಲಿಗೆ ಹಾಕುತ್ತೆ. ವರ್ಕ್ ಓಡುವ ಮೊದಲು ಮೂರು ಸಲ ಮನಸ್ಸು ಬದಲಾದರೂ ಕೊನೆಯ ಮಾತೇ ಲೆಕ್ಕ. ಆ ವರ್ಕ್ ಒಂದು ಮ್ಯೂಟೆಕ್ಸ್ ಹಿಡಿದು ಕ್ರಮವಾಗಿ ಹೋಗುತ್ತೆ. ಮೊದಲು ಹಳೇ ಪಾತ್ರದಿಂದ ಪೂರ್ತಿ ಹೊರಬರುತ್ತೆ. ಹೋಸ್ಟ್ ಆಗಿದ್ದರೆ, ತಾನು ಹುಟ್ಟಿಸಿದ್ದ ಎಕ್ಸ್‌ಎಚ್‌ಸಿಐ ಡಿವೈಸನ್ನೇ ತೆಗೆದುಹಾಕುತ್ತೆ. ಆಮೇಲೆ ಹೊಸ ಪಾತ್ರವನ್ನು ರಿಜಿಸ್ಟರ್‌ಗೆ ಬರೆದು ಅದನ್ನು ಶುರು ಮಾಡುತ್ತೆ. ನಡುವೆ ಕೋರ್ ರಿಸೆಟ್ ಬೇಕಾದ ಕಡೆ, ಒಳಗಿನ ಕ್ಲಾಕ್‌ಗಳು ಹೊಂದಿಕೊಳ್ಳಲಿ ಅಂತ 100 ಮಿಲಿಸೆಕೆಂಡ್ ಕಾಯುತ್ತೆ. ಕೋಡ್ ರಿವ್ಯೂನಲ್ಲಿ ಇದನ್ನು ನೋಡಿ "ಇಷ್ಟು ಹೊತ್ತು ಯಾಕೆ ನಿದ್ದೆ" ಅಂತ ತೆಗೆಸೋಕೆ ಹೋಗಬೇಡಿ, ಅದು ಹಾರ್ಡ್‌ವೇರ್ ಕೇಳುವ ಸಮಯ.

ಇನ್ನೊಂದು ಸೂಕ್ಷ್ಮ ಇದೆ. ಈ ವರ್ಕ್ ಓಡೋದು ಫ್ರೀಜ್ ಆಗುವ ವರ್ಕ್‌ಕ್ಯೂ ಮೇಲೆ. ಸಿಸ್ಟಮ್ ಮಲಗುವಾಗ ಅದೂ ನಿಲ್ಲುತ್ತೆ, ಅರ್ಧ ಮಲಗಿದ ಹಾರ್ಡ್‌ವೇರ್ ಮೇಲೆ ಪಾತ್ರ ಬದಲಾಗಲ್ಲ. ಹಾಗೇ ನಿಮ್ಮ ಡ್ರೈವರ್ ಎದ್ದ ಮೇಲೆ ಪಿನ್ ಮತ್ತೊಮ್ಮೆ ಓದಬೇಕು. ಮಲಗಿದ್ದಾಗ ಯಾರೋ ಕೇಬಲ್ ಬದಲಾಯಿಸಿರಬಹುದು.

ನಮ್ಮ ಮಷೀನಿಗೆ ಕೊನೆಗೆ ಮಾಡಿದ್ದು ಇಷ್ಟೇ. ಎರಡು ವರ್ಕ್ ಇದ್ದದ್ದನ್ನು ಒಂದು ಮಾಡಿದೆ. ಹೋಸ್ಟ್‌ನಿಂದ ಹೊರಬಂದ ಮೇಲೆ ನಮ್ಮ ವಿಬಸ್ ಆಫ್ ಮಾಡಿ, ಅದು ನಿಜವಾಗಿಯೂ ಇಳಿಯುವ ತನಕ ನನ್ ಪಾತ್ರದಲ್ಲೇ ನಿಂತೆ. ಇಳಿದ ಮೇಲೂ ವಿಬಸ್ ಮತ್ತೆ ಬಂದರೆ ಅದು ಕಂಪ್ಯೂಟರಿನದು, ಆಗ ಮಾತ್ರ ಡಿವೈಸ್. ಆಮೇಲೆ ಹ್ಯಾಂಗ್ ಅಂತ ಫೋನ್ ಬರಲಿಲ್ಲ. ಆದರೆ ಒಂದು ಮಾತು: ಕಾಪಿ ನಡುವೆ ಎಳೆದರೆ ಪೆನ್ ಡ್ರೈವ್‌ನಲ್ಲಿನ ಫೈಲನ್ನು ಯಾವ ಡ್ರೈವರೂ ಉಳಿಸಲ್ಲ. ಅದಕ್ಕೆ ಬಿಲ್ಲುಗಳನ್ನು ಮೊದಲು ಒಳಗಿನ ಫ್ಲ್ಯಾಶ್‌ಗೆ ಬರೆದು, ಆಮೇಲೆ ಕಾಪಿ ಮಾಡೋ ಹಾಗೆ ಆ್ಯಪನ್ನೂ ಬದಲಾಯಿಸಿದ್ವಿ.

ನಿಮ್ಮ ಹತ್ತಿರ ಇಂಥ ಬೋರ್ಡ್ ಇದ್ದರೆ ಈ ಶನಿವಾರ ಒಂದು ಪರೀಕ್ಷೆ ಮಾಡಿ. ಕೆಲಸಕ್ಕೆ ಬಾರದ ಪೆನ್ ಡ್ರೈವ್‌ಗೆ ದೊಡ್ಡ ಫೈಲ್ ಕಾಪಿ ಹಚ್ಚಿ, ಆಗ್ತಿರುವಾಗಲೇ ಡಿಬಗ್‌ಎಫ್‌ಎಸ್‌ನಿಂದ ಪಾತ್ರ ಬದಲಾಯಿಸಿ. ಸ್ಕ್ರಿಪ್ಟ್ ಬರೆದು ಸಾವಿರ ಸಲ. ನಡುನಡುವೆ ಸಸ್ಪೆಂಡ್ ಮಾಡಿ ಎಬ್ಬಿಸಿ. ಟೇಬಲ್ ಮೇಲೆ ನಾವು ಮೆಲ್ಲಗೆ ಕೇಬಲ್ ತೆಗೆದು ಪಾಸ್ ಮಾಡಿದ್ದನ್ನು, ಅಂಗಡಿಯ ಹುಡುಗ ಅವಸರದಲ್ಲಿ ಎಳೀತಾನೆ. ಡ್ರೈವರ್ ಬರೆಯಬೇಕಾದ್ದು ಅವನ ಕೈಗೆ.

ನಿಮ್ಮ ಬೋರ್ಡ್‌ನಲ್ಲಿ ಎಷ್ಟನೇ ಸಲಕ್ಕೆ ಬಿತ್ತು ಅಂತ ತಿಳಿಸಿ.